ಕಂಪ್ಯೂಟರ್ ಕ್ಯಾಬಿನೆಟ್‌ಗೆ ಹೊಸ ಬಣ್ಣ: ಉಜ್ಜುವುದರಿಂದ ಹೊಳಪಿನ ತನಕ

ಬಣ್ಣ ಯಾವುದನ್ನೂ ಮುಚ್ಚುವುದಿಲ್ಲ. ಹೊಸದಾಗಿ ಕೇಸ್ ಮಾಡಿಂಗ್‌ಗೆ, ಅಂದರೆ ಕ್ಯಾಬಿನೆಟ್ಟನ್ನು ಕೈಯಾರೆ ಬದಲಿಸಿ ಅಂದಗೊಳಿಸುವ ಹವ್ಯಾಸಕ್ಕೆ, ಇಳಿಯುವವರು ಮೊದಲು ತಿಳಿಯಬೇಕಾದ ಮಾತು ಇದೇ. ಸ್ಪ್ರೇ ಡಬ್ಬಿಯಿಂದ ಬೀಳುವ ಒಂದು ಕೋಟ್ ನಮ್ಮ ತಲೆಗೂದಲಿಗಿಂತ ತೆಳ್ಳಗಿರುತ್ತದೆ. ಅಷ್ಟು ತೆಳುವಾದ ಪದರ ಗೀರಿನೊಳಗೆ ಗೀರಿನ ಆಕಾರದಲ್ಲೇ ಕೂರುತ್ತದೆ, ತಗ್ಗಿನೊಳಗೆ ತಗ್ಗಿನ ಆಕಾರದಲ್ಲೇ ಕೂರುತ್ತದೆ. ಮೇಲೆ ಹೊಳಪು ಬಂತೆಂದರೆ ಮುಗೀತು, ಬೆಳಕು ಅದನ್ನೆಲ್ಲ ಎತ್ತಿ ತೋರಿಸುತ್ತದೆ. ಹಾಗಾಗಿ ಕ್ಯಾಬಿನೆಟ್‌ಗೆ ಬಣ್ಣ ಹೊಡೆಯುವುದು ಅಂದರೆ ಬಹುಪಾಲು ಉಜ್ಜುವ ಕೆಲಸ, ಉಳಿದದ್ದು ಕಾಯುವ ಕೆಲಸ. ಡಬ್ಬಿ ಹಿಡಿದು ಬಣ್ಣ ಹೊಡೆಯುವ ಹೊತ್ತು ತೀರಾ ಕಡಿಮೆ.

ಒಳ್ಳೆಯ ಸುದ್ದಿ ಏನೆಂದರೆ, ಇದಕ್ಕೆ ಕಂಪ್ರೆಸರ್, ಸ್ಪ್ರೇ ಗನ್ ಏನೂ ಬೇಕಿಲ್ಲ. ವಾಹನಗಳಿಗೆ ಬಳಸುವ ಸ್ಪ್ರೇ ಡಬ್ಬಿ, ಬೇರೆ ಬೇರೆ ನಂಬರಿನ ಸ್ಯಾಂಡ್‌ಪೇಪರ್, ಒಂದಿಷ್ಟು ತಾಳ್ಮೆ ಇದ್ದರೆ ಕಾರ್ಖಾನೆಯಿಂದ ಬಂದ ಹಾಗೆ ಕಾಣುವ ಕೆಲಸ ಮನೆಯಲ್ಲೇ ಆಗುತ್ತದೆ.

ಮೊದಲು ಫಿನಿಶ್ ಆರಿಸಿ, ಆಮೇಲೆ ಬಣ್ಣ

ಕೆಂಪೋ ನೀಲಿಯೋ ಅಂತ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ಆದರೆ ಎಷ್ಟು ಉಜ್ಜಬೇಕು ಅನ್ನುವುದನ್ನು ತೀರ್ಮಾನಿಸುವುದು ಫಿನಿಶ್, ಅಂದರೆ ಬಣ್ಣದ ಮೇಲ್ಮೈ ಎಷ್ಟು ಹೊಳೆಯಬೇಕು ಅನ್ನುವುದು. ಮ್ಯಾಟ್, ಅಂದರೆ ಹೊಳಪಿಲ್ಲದ ಬಣ್ಣ ಬೆಳಕನ್ನು ಚೆದುರಿಸುತ್ತದೆ, ಆದ್ದರಿಂದ ಸಣ್ಣಪುಟ್ಟ ಕೊರತೆ ಕಣ್ಣಿಗೆ ಬೀಳುವುದಿಲ್ಲ. ಅದರ ತೊಂದರೆ ಬೇರೆ: ಬೆರಳಿನ ಎಣ್ಣೆ ಗುರುತು ಬೇಗ ಹಿಡಿಯುತ್ತದೆ, ಧೂಳಿನ ಕಣ ಕೂತರೆ ಪಾಲಿಶ್ ಮಾಡಿ ತೆಗೆಯಲು ಬರುವುದಿಲ್ಲ. ಉಜ್ಜಿದ ಜಾಗ ಮಾತ್ರ ಹೊಳೆದು ಕಲೆಯಾಗಿಬಿಡುತ್ತದೆ. ಹೊಳೆಯುವ ಕಪ್ಪು ಇದಕ್ಕೆ ಪೂರ್ತಿ ಉಲ್ಟಾ. ಕೊನೆಯಲ್ಲಿ ಉಜ್ಜಿ ಪಾಲಿಶ್ ಮಾಡಬಹುದು, ಆದರೆ ಅಡಿಯಲ್ಲಿ ಏನೇ ತಪ್ಪಿದ್ದರೂ ಬಯಲು. ಮೆಟಾಲಿಕ್ ಬಣ್ಣದಲ್ಲಿ ಸಣ್ಣ ಲೋಹದ ಚೂರುಗಳಿರುತ್ತವೆ. ಕೈ ಒಂದೇ ಹದದಲ್ಲಿ ಓಡದಿದ್ದರೆ ಅವು ಒಂದೆಡೆ ಗುಂಪುಗೂಡಿ ಮೋಡ ಮೋಡವಾಗಿ ಕಾಣುತ್ತವೆ.

ಮೊದಲ ಸಲ ಮಾಡುವವರಿಗೆ ನನ್ನ ಸಲಹೆ ಸ್ಯಾಟಿನ್, ಅಂದರೆ ಎರಡರ ನಡುವಿನ ಅರೆಹೊಳಪು. ಮ್ಯಾಟ್‌ನಷ್ಟು ಕಲೆ ಹಿಡಿಯುವುದಿಲ್ಲ, ಹೊಳೆಯುವ ಬಣ್ಣದಷ್ಟು ಸತಾಯಿಸುವುದಿಲ್ಲ. ಬಣ್ಣದಲ್ಲಿ ಹಳದಿ, ಕೆಂಪು, ಕಿತ್ತಳೆ ಬೇಕು ಅಂದರೆ ಒಂದು ವಿಷಯ ನೆನಪಿರಲಿ. ಇವಕ್ಕೆ ಅಡಿಯ ಬಣ್ಣವನ್ನು ಮುಚ್ಚುವ ಶಕ್ತಿ ಕಡಿಮೆ. ಬಿಳಿ ಪ್ರೈಮರ್ (ಬಣ್ಣಕ್ಕೆ ಮುಂಚೆ ಹೊಡೆಯುವ ಅಡಿಪದರ) ಮೇಲೆ ಹೊಡೆದರೆ ಬೇಗ ತುಂಬುತ್ತವೆ, ಗಾಢ ಬೂದು ಪ್ರೈಮರ್ ಮೇಲೆ ಕೋಟ್ ಮೇಲೆ ಕೋಟ್ ಹೊಡೆದರೂ ಮಂಕಾಗಿಯೇ ಇರುತ್ತವೆ.

ಇಡೀ ಕ್ಯಾಬಿನೆಟ್‌ಗೆ ಒಂದೇ ಸಲ ಕೈ ಹಾಕಬೇಡಿ. ಒಂದು ಪಕ್ಕದ ಪ್ಯಾನಲ್ ಬಿಚ್ಚಿ, ಅದರ ಮೇಲೆ ಪೂರ್ತಿ ಕೆಲಸ ಒಮ್ಮೆ ಮಾಡಿ ನೋಡಿ. ಅದು ಚಪ್ಪಟೆ, ವೈರಿನ ಗೋಜಿಲ್ಲ, ಬೇಡವಾದರೆ ಉಜ್ಜಿ ಮತ್ತೆ ಶುರು ಮಾಡಬಹುದು. ಮದರ್‌ಬೋರ್ಡ್‌ನ ಹಿಂದಿನ ಬದಿಯ ಪ್ಯಾನಲ್ ಆದರೆ ಇನ್ನೂ ಒಳ್ಳೆಯದು, ಅದನ್ನು ಯಾರೂ ನೋಡುವುದಿಲ್ಲ.

ಸಾಮಾನು ಮತ್ತು ಲೆಕ್ಕ

ಡಬ್ಬಿ ಎಷ್ಟು ಬೇಕು ಅನ್ನುವುದನ್ನು ಅಳತೆ ಹಿಡಿದೇ ಲೆಕ್ಕ ಹಾಕಿ. ಮಿಡ್ ಟವರ್ (ಮಧ್ಯಮ ಗಾತ್ರದ) ಕ್ಯಾಬಿನೆಟ್ 45 ಸೆಂ.ಮೀ. ಎತ್ತರ, 45 ಸೆಂ.ಮೀ. ಆಳ, 21 ಸೆಂ.ಮೀ. ಅಗಲ ಇದೆ ಅಂದುಕೊಳ್ಳಿ. ಹೊರಮೈ ಸುಮಾರು 0.8 ಚದರ ಮೀಟರ್ ಆಗುತ್ತದೆ. ಮೂರು ಕೋಟ್ ಅಂದರೆ 2.4 ಚದರ ಮೀಟರ್. ಒಂದು ಡಬ್ಬಿ ಎಷ್ಟು ಜಾಗಕ್ಕೆ ಬರುತ್ತದೆ ಅಂತ ಅದರ ಮೇಲೇ ಬರೆದಿರುತ್ತದೆ, ಅದರಿಂದ ಭಾಗಿಸಿ. ಗಾಳಿಯಲ್ಲಿ ಹಾರಿಹೋಗುವ ಬಣ್ಣವೂ ಇರುತ್ತದಲ್ಲ, ಹಾಗಾಗಿ ಒಂದು ಡಬ್ಬಿ ಜಾಸ್ತಿಯೇ ಇರಲಿ. ಎಲ್ಲವನ್ನೂ ಒಂದೇ ದಿನ ತಂದಿಟ್ಟುಕೊಳ್ಳಿ. ಅರ್ಧ ಕೆಲಸದಲ್ಲಿ ಡಬ್ಬಿ ಖಾಲಿಯಾಗಿ, ಆಮೇಲೆ ತಂದದ್ದರ ಛಾಯೆ ಒಂಚೂರು ಬೇರೆ ಬಂದರೆ ಏನೂ ಮಾಡಲು ಬರುವುದಿಲ್ಲ.

ಇನ್ನೊಂದು ಮಾತು. ಪ್ರೈಮರ್, ಬಣ್ಣ, ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಕ್ಲಿಯರ್ ಕೋಟ್ ಮೂರನ್ನೂ ಒಂದೇ ತಯಾರಕರ ಒಂದೇ ಸರಣಿಯಿಂದ ಕೊಳ್ಳಿ. ಎನಾಮಲ್, ಲ್ಯಾಕರ್ ಎರಡೂ ಬೇರೆ ಬೇರೆ ಜಾತಿಯ ಬಣ್ಣ. ಎನಾಮಲ್ ಮೇಲೆ ಲ್ಯಾಕರ್ ಹೊಡೆದರೆ ಲ್ಯಾಕರಿನ ಥಿನ್ನರ್ ಅಡಿಯ ಪದರವನ್ನು ಕರಗಿಸಿ, ಉಬ್ಬಿಸಿ, ಸುಕ್ಕುಸುಕ್ಕಾಗಿಸುತ್ತದೆ. ಆಗ ಪೂರ್ತಿ ಕೆರೆದು ಮೊದಲಿನಿಂದ ಶುರು ಮಾಡುವುದೊಂದೇ ದಾರಿ.

ಸ್ಯಾಂಡ್‌ಪೇಪರ್‌ನಲ್ಲಿ 80, 180, 240, 320, 400, 600 ನಂಬರ್ ಬೇಕು. ನಂಬರ್ ದೊಡ್ಡದಾದಷ್ಟೂ ಪೇಪರ್ ನುಣುಪು. ಮೆಟಾಲಿಕ್ ಹೊಡೆಯುವವರಿಗೆ 800 ಬೇಕು. ಹೊಳಪಿನ ಫಿನಿಶ್ ಮಾಡುವವರಿಗೆ 1500, 2000 ಕೂಡ ಬೇಕು. 400ರಿಂದ ಮೇಲಿನದ್ದು ನೀರು ಹಾಕಿ ಉಜ್ಜಬಹುದಾದ ವಾಟರ್ ಪೇಪರ್ ಆಗಿರಲಿ. ಗಟ್ಟಿ ರಬ್ಬರ್ ಅಥವಾ ಮರದ ಒಂದು ತುಂಡು, ಮಾಸ್ಕಿಂಗ್ ಟೇಪ್, ಹಳೆಯ ಕಾಗದ, ನಾರು ಬಿಡದ ಬಟ್ಟೆ, ಐಸೋಪ್ರೊಪೈಲ್ ಆಲ್ಕೋಹಾಲ್, ಪಾತ್ರೆ ತೊಳೆಯುವ ಸೋಪು, ಪುಟ್ಟಿ. ಇಷ್ಟಾದರೆ ಸಾಕು.

ರಕ್ಷಣೆಯ ವಿಷಯದಲ್ಲಿ ಮಾತ್ರ ಕಂಜೂಸ್ ಬೇಡ. ಬಟ್ಟೆ ಮಾಸ್ಕ್ ಅಥವಾ ಧೂಳಿನ ಮಾಸ್ಕ್ ಉಜ್ಜುವಾಗ ಬರುವ ಧೂಳನ್ನು ಒಂದಿಷ್ಟು ತಡೆಯಬಹುದು, ಬಣ್ಣದ ಆವಿಯನ್ನು ತಡೆಯುವುದಿಲ್ಲ. ಅದಕ್ಕೆ ಸಾವಯವ ಆವಿ ಹೀರುವ ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ಬೇಕು. ಕಣ್ಣಿಗೆ ಕನ್ನಡಕ, ಕೈಗೆ ನೈಟ್ರೈಲ್ ಗ್ಲೌಸ್. ಗಟ್ಟಿಯಾಗಿಸುವ ಹಾರ್ಡನರ್ ಬೆರೆಸಿ ಹೊಡೆಯುವ ಟೂ-ಕೆ ಕ್ಲಿಯರ್ ಕೋಟ್ ತುಂಬಾ ಗಟ್ಟಿ ಅಂತ ಹೇಳುತ್ತಾರೆ, ನಿಜವೇ. ಆದರೆ ಅದರಲ್ಲಿ ಐಸೋಸಯನೇಟ್ ಇರುತ್ತದೆ. ಅದು ಶ್ವಾಸಕೋಶಕ್ಕೆ ಕೆಟ್ಟದ್ದು, ಒಮ್ಮೆ ಮೈಗೆ ಆಗದೇ ಹೋದರೆ ಆಸ್ತಮಾ ತರಬಲ್ಲದು. ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮುಖಗವಸು ಇಲ್ಲದೆ ಅದರ ತಂಟೆಗೆ ಹೋಗಬೇಡಿ. ಟೇಬಲ್ ಕೆಳಗೆ ಕೂರುವ ಡಬ್ಬಕ್ಕೆ ಸಾಮಾನ್ಯ ಕ್ಲಿಯರ್ ಕೋಟ್ ಧಾರಾಳ ಸಾಕು.

ಬಿಚ್ಚುವುದು

ಪ್ಲಗ್ ತೆಗೆಯಿರಿ. ಒಳಗಿನ ಪ್ರತಿಯೊಂದು ಭಾಗವನ್ನೂ ಹೊರಗೆ ತೆಗೆದು ಬೇರೆ ಕೋಣೆಯಲ್ಲಿಡಿ. ಉಜ್ಜಿದಾಗ ಹಾರುವ ಲೋಹದ ಪುಡಿ ವಿದ್ಯುತ್ ಹರಿಸುತ್ತದೆ, ಅದು ಮದರ್‌ಬೋರ್ಡ್ ಹತ್ತಿರ ಸುಳಿಯಲೇಬಾರದು. ಪವರ್ ಸಪ್ಲೈಯನ್ನು ಹಾಗೇ ಇಡಿಯಾಗಿ ತೆಗೆದಿಡಿ, ಅದರ ಡಬ್ಬ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಜೋರು ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರಬಹುದು.

ಬಿಚ್ಚುವ ಮೊದಲು ಮುಂಭಾಗದ ಸ್ವಿಚ್ ಮತ್ತು ದೀಪದ ವೈರ್‌ಗಳು ಎಲ್ಲೆಲ್ಲಿ ಕೂತಿವೆ ಅಂತ ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. ಸ್ಕ್ರೂಗಳನ್ನು ಜಾಗದ ಹೆಸರು ಬರೆದ ಪೊಟ್ಟಣಗಳಲ್ಲಿ ಹಾಕಿಡಿ. ಕ್ಯಾಬಿನೆಟ್‌ನಲ್ಲಿ ಎರಡು ಬಗೆಯ ಎಳೆಯ ಸ್ಕ್ರೂ ಇರುತ್ತವೆ. ನೋಡಲು ಒಂದೇ ಥರ ಕಂಡರೂ ಒಂದರ ಜಾಗಕ್ಕೆ ಇನ್ನೊಂದನ್ನು ತಿರುಗಿಸಿದರೆ ಎಳೆ ಹಾಳಾಗುತ್ತದೆ. ರಬ್ಬರ್ ಪಾದ, ಧೂಳಿನ ಜಾಲರಿ, ಸ್ಟಿಕ್ಕರ್, ದೀಪದ ಪಾರದರ್ಶಕ ಕಡ್ಡಿ ಎಲ್ಲವೂ ಹೊರಬರಲಿ.

ರಿವೆಟ್ ತೆಗೆದು ಚೌಕಟ್ಟನ್ನೇ ಬೇರೆ ಬೇರೆ ಮಾಡಬೇಕೇ? ಒಳಗೊಂದು ಬಣ್ಣ, ಹೊರಗೊಂದು ಬಣ್ಣ ಬೇಕಿದ್ದರೆ ಅದು ಸುಲಭದ ದಾರಿ. ಸಾಮಾನ್ಯವಾಗಿ 3.2 ಮಿ.ಮೀ. ಡ್ರಿಲ್ ಬಿಟ್‌ನಿಂದ ರಿವೆಟ್ ತಲೆ ಕೊರೆದರೆ ಕಳಚಿಕೊಳ್ಳುತ್ತದೆ, ಆಮೇಲೆ ಹೊಸ ಪಾಪ್ ರಿವೆಟ್ ಹಾಕಬಹುದು. ಮೊದಲ ಕೆಲಸಕ್ಕೆ ಇದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಮತ್ತೆ ಜೋಡಿಸುವಾಗ ಚೌಕಟ್ಟು ಒಂದು ಮಿಲಿಮೀಟರ್ ಓರೆಯಾದರೂ ಪ್ಯಾನಲ್ ಕೂರುವುದಿಲ್ಲ.

ತೊಳೆಯುವುದು, ಉಜ್ಜುವ ಮೊದಲೇ

ಬಹಳ ಜನ ಮೊದಲು ಉಜ್ಜಿ ಆಮೇಲೆ ಒರೆಸುತ್ತಾರೆ. ಆ ಹೊತ್ತಿಗೆ ಮೇಲಿದ್ದ ಎಣ್ಣೆ, ಮೇಣ, ಸಿಲಿಕೋನ್ ಎಲ್ಲ ಗೀರುಗಳೊಳಗೆ ಸೇರಿಕೊಂಡಿರುತ್ತದೆ. ಆದ್ದರಿಂದ ಮೊದಲು ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸಿ. ಆಮೇಲೆ ಒಂದು ಬಟ್ಟೆಗೆ ಆಲ್ಕೋಹಾಲ್ ಹಾಕಿ ಒರೆಸಿ, ಅದು ಆರುವ ಮುಂಚೆಯೇ ಇನ್ನೊಂದು ಒಣ ಬಟ್ಟೆಯಿಂದ ಎತ್ತಿಕೊಳ್ಳಿ. ಆರಲು ಬಿಟ್ಟರೆ ಎಣ್ಣೆ ಅಲ್ಲೇ ಉಳಿಯುತ್ತದೆ. ಇದಾದ ಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಪಕ್ಕದ ಪ್ಯಾನಲ್‌ನಲ್ಲಿ ಅಕ್ರಿಲಿಕ್ ಕಿಟಕಿ ಇದ್ದರೆ ಅದಕ್ಕೆ ಆಲ್ಕೋಹಾಲ್ ತಾಗಿಸಬೇಡಿ, ಒಳಗೊಳಗೇ ಸಣ್ಣ ಬಿರುಕು ಬಿಡುತ್ತದೆ. ಅದಕ್ಕೆ ಸೋಪು ನೀರೇ ಸರಿ.

ಉಜ್ಜುವುದು

ಹಳೆಯ ಬಣ್ಣವನ್ನು ಬರೀ ಲೋಹ ಕಾಣುವ ತನಕ ತೆಗೆಯಬೇಕು ಅನ್ನುವುದು ತಪ್ಪು ಕಲ್ಪನೆ. ಕಾರ್ಖಾನೆಯ ಪೌಡರ್ ಕೋಟ್ ಗಟ್ಟಿಯಾಗಿ ಅಂಟಿದ್ದರೆ ಅದಕ್ಕಿಂತ ಒಳ್ಳೆಯ ಅಡಿಪಾಯ ನಿಮಗೆ ಸಿಗುವುದಿಲ್ಲ. ಒಲೆಯಲ್ಲಿ ಸುಮಾರು 200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕರಗಿಸಿ ಕೂರಿಸಿದ ಪದರ ಅದು. ನಾವು ಮಾಡಬೇಕಾದದ್ದು ಅದರ ಹೊಳಪನ್ನು ಸಾಯಿಸುವುದು, ಹೊಸ ಬಣ್ಣಕ್ಕೆ ಹಿಡಿತ ಕೊಡುವುದು. ಮೇಲ್ಮೈ ನಯವಾಗಿದ್ದರೆ 320ರಿಂದ ಶುರು ಮಾಡಿ 400ಕ್ಕೆ ಮುಗಿಸಿ. ಎಲ್ಲೂ ಮಿನುಗು ಉಳಿಯದೆ ಸಮನಾಗಿ ಮಂಕಾದರೆ ಸಾಕು.

ತುಂಬಾ ಕ್ಯಾಬಿನೆಟ್‌ಗಳ ಮೇಲೆ ಸಣ್ಣ ತರಿತರಿ ಇರುತ್ತದೆ. ಅದನ್ನು ಚಪ್ಪಟೆ ಮಾಡಬೇಕಾದರೆ 180ರಿಂದ ಶುರು ಮಾಡಬೇಕು. ಆಮೇಲೆ 240, 320, 400. ಮೆಟ್ಟಿಲು ಹಾರಬೇಡಿ. 180ರ ಗೀರನ್ನು 400 ಅಳಿಸಲಾರದು, ಎಷ್ಟು ಉಜ್ಜಿದರೂ ಗೀರಿನ ಅಂಚು ಮಾತ್ರ ಮೆತ್ತಗಾಗಿ ಆಳ ಹಾಗೇ ಉಳಿಯುತ್ತದೆ. ಅದು ಕಾಣುವುದು ಹೊಳಪಿನ ಬಣ್ಣ ಒಣಗಿದ ಮೇಲೆ.

ಪೇಪರನ್ನು ಬೆರಳಲ್ಲಿ ಹಿಡಿದು ಉಜ್ಜಬೇಡಿ. ಬೆರಳಿನ ಕೆಳಗೆ ಒತ್ತಡ ಜಾಸ್ತಿ, ಬೆರಳುಗಳ ನಡುವೆ ಕಡಿಮೆ. ಆಗ ತಗಡಿನ ಮೇಲೆ ಉದ್ದಕ್ಕೆ ಸಣ್ಣ ಕಾಲುವೆಗಳು ಬೀಳುತ್ತವೆ. ಗಟ್ಟಿ ತುಂಡಿಗೆ ಸುತ್ತಿ ಉಜ್ಜಿ. ಒಂದು ನಂಬರನ್ನು ಅಡ್ಡಡ್ಡ ಉಜ್ಜಿದರೆ ಮುಂದಿನದನ್ನು ಓರೆಯಾಗಿ ಉಜ್ಜಿ. ಹಿಂದಿನ ನಂಬರಿನ ಗೀರು ಎಲ್ಲಿ ಉಳಿದಿದೆ ಅಂತ ತಾನಾಗೇ ಕಾಣುತ್ತದೆ. ಅಂಚು ಮತ್ತು ಮೂಲೆಗಳ ಮೇಲೆ ಬಣ್ಣ ತೆಳ್ಳಗಿರುವುದರಿಂದ ಅಲ್ಲಿ ಬೇಗ ಲೋಹ ಬಂದುಬಿಡುತ್ತದೆ. ಮಧ್ಯದ ಭಾಗ ಉಜ್ಜುವಾಗ ಅಂಚಿಗೆ ಟೇಪ್ ಹಾಕಿ ಕಾಪಾಡಿ, ಕೊನೆಯಲ್ಲಿ ಟೇಪ್ ತೆಗೆದು ಅಲ್ಲಿ ಹಗುರವಾಗಿ ಒಂದೆರಡು ಕೈ ಆಡಿಸಿ. ಪೇಪರ್ ಹೋಗದ ಸಂದುಗಳಿಗೆ ನಾರಿನ ಸ್ಕ್ರಬ್ ಪ್ಯಾಡ್ ಒಳ್ಳೆಯದು.

ಕ್ಯಾಬಿನೆಟ್‌ನ ತಗಡಿಗೆ ಸಾಮಾನ್ಯವಾಗಿ ತೆಳುವಾದ ಸತುವಿನ ಲೇಪ ಇರುತ್ತದೆ. ಅದನ್ನೂ ದಾಟಿ ಉಜ್ಜಿದರೆ ಬರೀ ಉಕ್ಕು ಸಿಗುತ್ತದೆ, ತೇವದ ಗಾಳಿಗೆ ಅದು ತುಕ್ಕು ಹಿಡಿಯಲು ಜಾಸ್ತಿ ಹೊತ್ತು ಬೇಡ. ಲೋಹ ಕಂಡ ಜಾಗಕ್ಕೆ ಅದೇ ದಿನ ಪ್ರೈಮರ್ ಬೀಳಲಿ. ತಗಡಿನ ಕತ್ತರಿಸಿದ ಅಂಚುಗಳು ಬ್ಲೇಡಿನಷ್ಟೇ ಹರಿತ, ಅದೂ ಗಮನದಲ್ಲಿರಲಿ.

ತೂತು, ಗೀರು, ಲೋಗೊ: ಪುಟ್ಟಿಯ ಕೆಲಸ

ಉಗುರನ್ನು ಗೀರಿನ ಅಡ್ಡಕ್ಕೆ ಎಳೆಯಿರಿ. ಉಗುರಿಗೆ ತಡೆ ಸಿಕ್ಕರೆ ಆ ಗೀರು ಬಣ್ಣದ ಮೇಲೂ ಕಾಣುತ್ತದೆ ಅಂತ ಅರ್ಥ. ಸಣ್ಣ ಗೀರು, ಸೂಜಿ ತೂತುಗಳಿಗೆ ಟ್ಯೂಬಿನಲ್ಲಿ ಬರುವ ಸ್ಪಾಟ್ ಪುಟ್ಟಿ ಸಾಕು. ಅದನ್ನು ಪ್ರೈಮರ್ ಮೇಲೆ ಹಚ್ಚಿದರೆ ಇನ್ನೂ ಒಳ್ಳೆಯದು. ತಗ್ಗು, ಲೋಗೊದ ಗುಂಡಿ, ಬೇಡವಾದ ಸ್ಕ್ರೂ ತೂತುಗಳಿಗೆ ಎರಡು ಭಾಗದ ಪಾಲಿಯೆಸ್ಟರ್ ಪುಟ್ಟಿ ಬೇಕು. ಇದು ಕಾರಿನ ಡೆಂಟ್ ತುಂಬಲು ಬಳಸುವ ಪುಟ್ಟಿಯೇ.

ದೊಡ್ಡ ತೂತಾದರೆ ಗಾಳಿಯಲ್ಲಿ ಪುಟ್ಟಿ ನಿಲ್ಲುವುದಿಲ್ಲ. ಹಿಂಬದಿಯಿಂದ ತೆಳುವಾದ ತಗಡಿನ ತುಂಡನ್ನು ಎಪಾಕ್ಸಿಯಿಂದ ಅಂಟಿಸಿ, ಮೇಲಿನಿಂದ ತುಂಬಿ. ಆ ಜಾಗದಲ್ಲಿ ಹಳೆಯ ಬಣ್ಣ ತೆಗೆದು 80 ನಂಬರ್ ಪೇಪರಿನಿಂದ ಲೋಹವನ್ನು ಒರಟು ಮಾಡಿ. ನಯವಾದ ಲೋಹದ ಮೇಲೆ ಪುಟ್ಟಿ ಬಿಲ್ಲೆಯ ಹಾಗೆ ಎದ್ದು ಬರುತ್ತದೆ. ಹಾರ್ಡನರ್ ತೂಕದಲ್ಲಿ ಪುಟ್ಟಿಯ ಸುಮಾರು 2 ಶೇಕಡಾ ಸಾಕು. ಬೇಗ ಗಟ್ಟಿಯಾಗಲಿ ಅಂತ ಜಾಸ್ತಿ ಹಾಕಿದರೆ ಅದರ ಬಣ್ಣ ಮೇಲಿನ ಪದರಕ್ಕೆ ಇಳಿದು ಕಲೆಯಾಗಬಹುದು. ಚಪ್ಪಟೆ ಹಲಗೆಯ ಮೇಲೆ ಮಡಿಸಿ ಮಡಿಸಿ ಒತ್ತಿ ಬೆರೆಸಿ. ಗಿರಗಿರ ಕಲಕಿದರೆ ಗಾಳಿಗುಳ್ಳೆ ಸೇರಿ ಆಮೇಲೆ ತೂತುಗಳಾಗುತ್ತವೆ. ಬೆರೆಸಿದ ಮೇಲೆ ಕೈಯಲ್ಲಿ ಉಳಿಯುವುದು ಐದಾರು ನಿಮಿಷ, ಬಿಸಿಲು ಜೋರಿದ್ದರೆ ಅದೂ ಇಲ್ಲ. ಆದ್ದರಿಂದ ಸ್ವಲ್ಪ ಸ್ವಲ್ಪವೇ ಬೆರೆಸಿಕೊಳ್ಳಿ.

ತೆಳು ಪದರಗಳಲ್ಲಿ ಹಚ್ಚಿ. ಒಟ್ಟು ದಪ್ಪ 3 ಮಿ.ಮೀ. ದಾಟದಿರಲಿ. ಕ್ಯಾಬಿನೆಟ್‌ನ ತಗಡು ಒತ್ತಿದರೆ ಬಾಗುವಷ್ಟು ತೆಳು, ದಪ್ಪ ಪುಟ್ಟಿ ಅದರ ಜೊತೆ ಬಾಗದೆ ಬಿರುಕು ಬಿಡುತ್ತದೆ. ಗಟ್ಟಿಯಾದ ಮೇಲೆ 80ರಿಂದ ಆಕಾರಕ್ಕೆ ತಂದು, 180, 240, 320ರಲ್ಲಿ ನಯ ಮಾಡಿ. ಪುಟ್ಟಿಯನ್ನು ನೀರು ಹಾಕಿ ಉಜ್ಜಬೇಡಿ. ಅದು ನೀರು ಹೀರುತ್ತದೆ, ಆ ನೀರು ಆಮೇಲೆ ಬಣ್ಣವನ್ನು ಗುಳ್ಳೆಯಾಗಿ ಎಬ್ಬಿಸುತ್ತದೆ, ಅಡಿಯ ಉಕ್ಕಿಗೆ ತುಕ್ಕು ತರುತ್ತದೆ.

ಮುಂಭಾಗದ ಮುಖವಾಡ ಹೆಚ್ಚಾಗಿ ಎಬಿಎಸ್ ಪ್ಲಾಸ್ಟಿಕ್. ಅದು ಇನ್ನೂ ಜಾಸ್ತಿ ಬಾಗುತ್ತದೆ, ಹಾಗಾಗಿ ಪ್ಲಾಸ್ಟಿಕ್‌ಗೆಂದೇ ಮಾಡಿದ ಪುಟ್ಟಿ ಬೇಕು. ಅಸಿಟೋನ್, ಲ್ಯಾಕರ್ ಥಿನ್ನರ್ ಎಬಿಎಸ್ ಅನ್ನು ಕರಗಿಸುತ್ತವೆ, ಒರೆಸಲು ಬಳಸಬೇಡಿ. ಪುಟ್ಟಿ ಹಾಕಿ ಎಲ್ಲ ತೂತುಗಳನ್ನೂ ಮುಚ್ಚುವ ಹುಮ್ಮಸ್ಸು ಬಂದರೆ ಒಂದು ಕ್ಷಣ ನಿಲ್ಲಿ. ಮುಂದಿನ ಮತ್ತು ಹಿಂದಿನ ಗಾಳಿ ಕಿಂಡಿಗಳು ಅಲಂಕಾರಕ್ಕಿಲ್ಲ, ಅವನ್ನು ಮುಚ್ಚಿದರೆ ಗ್ರಾಫಿಕ್ಸ್ ಕಾರ್ಡ್ ಬಿಸಿಯಾಗಿ ಫ್ಯಾನ್ ಕಿರುಚುತ್ತದೆ.

ಟೇಪ್ ಎಲ್ಲಿ ಬೇಕು

ಹೊಸಬರು ಹೊರಗೆ ಕಾಣುವ ಜಾಗಕ್ಕೆ ಮಾತ್ರ ಟೇಪ್ ಹಾಕುತ್ತಾರೆ. ನಿಜವಾಗಿ ಮುಖ್ಯವಾದದ್ದು ಕಾಣದ ಜಾಗಗಳು. ಮದರ್‌ಬೋರ್ಡ್ ಕೂರುವ ಸಣ್ಣ ಲೋಹದ ಗೂಟಗಳಾದ ಸ್ಟ್ಯಾಂಡ್‌ಆಫ್‌ಗಳು, ಪವರ್ ಸಪ್ಲೈ ತಾಗುವ ಹಿಂಬದಿಯ ಲೋಹ, ಹಿಂದಿನ ಪೋರ್ಟ್‌ಗಳ ತಗಡು ಕೂರುವ ಅಂಚು, ಪ್ಯಾನಲ್‌ಗೆ ತಾಗುವ ಸಣ್ಣ ಸ್ಪ್ರಿಂಗ್ ಬೆರಳುಗಳು. ಇವೆಲ್ಲ ಸೇರಿ ಕ್ಯಾಬಿನೆಟ್ಟನ್ನು ಅರ್ತ್ ಮಾಡುತ್ತವೆ. ಬಣ್ಣ ವಿದ್ಯುತ್ತನ್ನು ಹರಿಯಗೊಡುವುದಿಲ್ಲ, ಆದ್ದರಿಂದ ಅಲ್ಲಿ ಬರೀ ಲೋಹವೇ ಇರಲಿ. ಸ್ಕ್ರೂ ತೂತುಗಳಿಗೆ ಹಳೆಯ ಸ್ಕ್ರೂ ತಿರುಗಿಸಿಡಿ, ಎಳೆಯೊಳಗೆ ಬಣ್ಣ ಇಳಿಯುವುದಿಲ್ಲ.

ಜಾರಿ ಕೂರುವ ಪ್ಯಾನಲ್‌ಗಳ ಕೊಂಡಿ ಮತ್ತು ಹಳಿಗಳಿಗೂ ಟೇಪ್ ಹಾಕಿ. ಪ್ರೈಮರ್, ಬಣ್ಣ, ಕ್ಲಿಯರ್ ಎಲ್ಲ ಸೇರಿದರೆ ಅಲ್ಲಿ ಇಕ್ಕಟ್ಟಾಗಿ, ಮೊದಲ ಸಲ ಪ್ಯಾನಲ್ ಹಾಕುವಾಗಲೇ ಹೊಸ ಬಣ್ಣ ಕೆತ್ತಿಹೋಗುತ್ತದೆ.

ಪ್ರೈಮರ್: ನಯ ಹುಟ್ಟುವುದು ಇಲ್ಲೇ

ಬರೀ ಅಲ್ಯೂಮಿನಿಯಂ ಅಥವಾ ಸತುವಿನ ಲೇಪದ ಮೇಲೆ ಸಾಮಾನ್ಯ ಪ್ರೈಮರ್ ಸರಿಯಾಗಿ ಕಚ್ಚುವುದಿಲ್ಲ. ಅಲ್ಲಿಗೆ ಮೊದಲು ಆಮ್ಲದಿಂದ ಲೋಹವನ್ನು ಕಚ್ಚಿ ಹಿಡಿಯುವ ಎಚ್ (etch) ಪ್ರೈಮರ್ ಒಂದು ತೆಳು ಕೋಟ್. ಪುಟ್ಟಿಯ ಮೇಲೆ ಮಾತ್ರ ಇದು ಬೇಡ, ಇದರಲ್ಲಿರುವ ಆಮ್ಲಕ್ಕೂ ಪುಟ್ಟಿಗೂ ಆಗಿಬರುವುದಿಲ್ಲ. ಆಮೇಲೆ ಎಲ್ಲ ಕಡೆಯೂ ಫಿಲ್ಲರ್ ಪ್ರೈಮರ್ ಹೊಡೆಯಿರಿ. ಇದು ದಪ್ಪಗೆ ಕೂರುತ್ತದೆ, 320ರ ಗೀರುಗಳನ್ನು ತುಂಬುತ್ತದೆ, ಉಜ್ಜಲೂ ಸುಲಭ. ಹತ್ತು ಹದಿನೈದು ನಿಮಿಷ ಬಿಟ್ಟು ಬಿಟ್ಟು ಎರಡು ಮೂರು ಕೋಟ್ ಕೊಡಿ.

ಪ್ರೈಮರ್ ಒಣಗಿದ ಮೇಲೆ ಗೈಡ್ ಕೋಟ್ ಹಾಕಿ. ಬೂದು ಪ್ರೈಮರ್ ಮೇಲೆ ಅಗ್ಗದ ಕಪ್ಪು ಸ್ಪ್ರೇಯನ್ನು ದೂರದಿಂದ ಹಿಡಿದು, ಮಂಜಿನಷ್ಟು ತೆಳ್ಳಗೆ, ಅಲ್ಲಲ್ಲಿ ಚುಕ್ಕೆ ಬೀಳುವಷ್ಟೇ ಹೊಡೆಯುವುದು. ಅದು ಒಣಗಿದ ಮೇಲೆ ಗಟ್ಟಿ ತುಂಡಿಗೆ 400ರ ಪೇಪರ್ ಸುತ್ತಿ ಉಜ್ಜಿ. ಎತ್ತರದ ಜಾಗದಲ್ಲಿ ಕಪ್ಪು ಮೊದಲು ಹೋಗುತ್ತದೆ. ತಗ್ಗಿನಲ್ಲಿ ಕಪ್ಪು ಉಳಿಯುತ್ತದೆ. ಗೀರಿದ್ದರೆ ಕಪ್ಪು ಗೆರೆಯಾಗಿ ಕಾಣುತ್ತದೆ. ಈ ಕೆಲಸದಲ್ಲಿ ಇದಕ್ಕಿಂತ ಉಪಯೋಗದ ಉಪಾಯ ಇನ್ನೊಂದಿಲ್ಲ. ಬರಿಗಣ್ಣಿಗೆ ಕಾಣದ್ದನ್ನೆಲ್ಲ ಇದು ನಕ್ಷೆ ಬರೆದು ತೋರಿಸುತ್ತದೆ. ಉಳಿದ ಕಪ್ಪಿನ ಜಾಗಕ್ಕೆ ಬೇಕಿದ್ದರೆ ಸ್ಪಾಟ್ ಪುಟ್ಟಿ, ಅದರ ಮೇಲೆ ಮತ್ತೆ ಪ್ರೈಮರ್, ಮತ್ತೆ ಗೈಡ್ ಕೋಟ್. ಇಡೀ ಪ್ಯಾನಲ್ ಒಂದೇ ಹೊತ್ತಿಗೆ ಬೂದು ಬಣ್ಣಕ್ಕೆ ತಿರುಗುವ ತನಕ ಇದನ್ನೇ ಮಾಡಿ.

ಈ ಹಂತದಲ್ಲಿ ವಾಟರ್ ಪೇಪರ್ ಬಳಸಬಹುದು. ಆದರೆ ಪುಟ್ಟಿ ಹಾಕಿದ ಜಾಗದಲ್ಲಿ ಪ್ರೈಮರ್ ಹರಿದು ಪುಟ್ಟಿ ಹೊರಗೆ ಕಂಡರೆ ನೀರು ಬಿಡಿ, ಒಣಗಿಸಿಯೇ ಉಜ್ಜಿ. ನೀರಿಗೆ ಒಂದೆರಡು ಹನಿ ಪಾತ್ರೆ ಸೋಪು ಹಾಕಿದರೆ ಪೇಪರ್ ಕಟ್ಟಿಕೊಳ್ಳುವುದಿಲ್ಲ. ಕೊನೆಗೆ 600ರಲ್ಲಿ ಮುಗಿಸಿ, ಮೆಟಾಲಿಕ್ ಹೊಡೆಯುವವರು 800ರ ತನಕ ಹೋಗಿ.

ಬಣ್ಣಕ್ಕೆ ಮುಂಚೆ ಇನ್ನೊಂದು ಪರೀಕ್ಷೆ ಇದೆ. ಪ್ರೈಮರ್ ಮೇಲೆ ನೀರು ಹಾಕಿ, ಒದ್ದೆ ಇರುವಾಗಲೇ ಪ್ಯಾನಲ್ಲನ್ನು ದೀಪಕ್ಕೆ ಓರೆಯಾಗಿ ಹಿಡಿದು ನೋಡಿ. ಒದ್ದೆ ಮೇಲ್ಮೈ ಹೊಳೆಯುತ್ತದೆ, ಹೊಳಪಿನ ಬಣ್ಣ ಬಂದ ಮೇಲೆ ಹೇಗೆ ಕಾಣುತ್ತದೋ ಹೆಚ್ಚುಕಡಿಮೆ ಹಾಗೇ ಕಾಣುತ್ತದೆ. ದೀಪದ ಪ್ರತಿಬಿಂಬ ಅಲೆಅಲೆಯಾಗಿದ್ದರೆ ಇನ್ನೂ ಉಜ್ಜುವುದು ಬಾಕಿ ಇದೆ.

ಜಾಗ ಮತ್ತು ಹವೆ

ಗಾಳಿಯಾಡುವ, ಆದರೆ ಜೋರು ಗಾಳಿ ಬೀಸದ ಜಾಗ ಬೇಕು. ಒಲೆ, ದೀಪ, ಸಿಗರೇಟ್, ಕಿಡಿ ಹಾರುವ ಉಪಕರಣ ಯಾವುದೂ ಹತ್ತಿರ ಇರಬಾರದು. ಡಬ್ಬಿಯ ಅನಿಲಕ್ಕೂ ಥಿನ್ನರ್‌ಗೂ ಬೆಂಕಿ ಬೇಗ ಹೊತ್ತಿಕೊಳ್ಳುತ್ತದೆ. ನೆಲಕ್ಕೆ ನೀರು ಚಿಮುಕಿಸಿದರೆ ಧೂಳು ಏಳುವುದಿಲ್ಲ. 20ರಿಂದ 30 ಡಿಗ್ರಿ ಬಿಸಿ ಇದ್ದರೆ ಅನುಕೂಲ. ಮಳೆ ಸುರಿಯುವ ದಿನ ಲ್ಯಾಕರ್ ಹೊಡೆದರೆ ಗಾಳಿಯ ತೇವ ಬಣ್ಣದೊಳಗೆ ಸಿಕ್ಕಿ ಹಾಲಿನಂತೆ ಬೆಳ್ಳಗಾಗುತ್ತದೆ. ನೇರ ಬಿಸಿಲೂ ಬೇಡ, ಬಣ್ಣ ಹರಡಿಕೊಳ್ಳುವ ಮುಂಚೆಯೇ ಮೇಲ್ಪದರ ಒಣಗಿಬಿಡುತ್ತದೆ.

ಬಣ್ಣ ಹೊಡೆಯುವುದು

ಡಬ್ಬಿಯೊಳಗಿನ ಗುಂಡು ಸದ್ದು ಮಾಡಲು ಶುರುವಾದ ಮೇಲೂ ಎರಡು ನಿಮಿಷ ಅಲ್ಲಾಡಿಸಿ. ಡಬ್ಬಿ ತಣ್ಣಗಿದ್ದರೆ ಉಗುರು ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ, ಸಿಂಪಡಿಕೆ ನುಣ್ಣಗಾಗುತ್ತದೆ. ಕುದಿಯುವ ನೀರಿಗೆ ಇಡಬೇಡಿ, ಡಬ್ಬಿ ಸಿಡಿಯುತ್ತದೆ. ಮೊದಲು ಒಂದು ರಟ್ಟಿನ ಮೇಲೆ ಹೊಡೆದು ನೋಡಿ.

ಮೇಲ್ಮೈಯಿಂದ 20ರಿಂದ 30 ಸೆಂ.ಮೀ. ದೂರ ಹಿಡಿಯಿರಿ. ಗುಂಡಿ ಒತ್ತುವುದು ಪ್ಯಾನಲ್‌ನ ಆಚೆ, ಬಿಡುವುದು ಇನ್ನೊಂದು ಬದಿಯ ಆಚೆ. ಪ್ಯಾನಲ್ ಮೇಲೆಯೇ ಶುರು ಮಾಡಿದರೆ ಆ ಜಾಗದಲ್ಲಿ ಬಣ್ಣ ಗುಡ್ಡೆಯಾಗುತ್ತದೆ. ಮಣಿಕಟ್ಟು ತಿರುಗಿಸಬೇಡಿ, ಇಡೀ ತೋಳು ಪ್ಯಾನಲ್‌ಗೆ ಸಮಾನಾಂತರವಾಗಿ ಓಡಲಿ. ಪ್ರತಿ ಸಾಲು ಹಿಂದಿನ ಸಾಲಿನ ಅರ್ಧವನ್ನು ಮುಚ್ಚಲಿ.

ಮೊದಲ ಕೋಟ್ ಪೂರ್ತಿ ಮುಚ್ಚಬಾರದು. ಅಡಿಯ ಪ್ರೈಮರ್ ಕಾಣುವಷ್ಟು ತೆಳ್ಳಗಿರಲಿ. ಅದು ಮುಂದಿನ ಕೋಟ್ ಜಾರದಂತೆ ಹಿಡಿದುಕೊಳ್ಳುತ್ತದೆ. ಎರಡನೆಯದ್ದು ಸ್ವಲ್ಪ ದಪ್ಪ. ಮೂರನೆಯದ್ದು ಒದ್ದೆಯಾಗಿ, ಸಮನಾಗಿ ಹೊಳೆಯುವಷ್ಟು. ಒಂದೇ ಸಲಕ್ಕೆ ಮುಚ್ಚಿಬಿಡೋಣ ಅಂತ ಕೈ ತುರಿಸುತ್ತದೆ, ಅದು ಸಹಜ. ಬಣ್ಣ ಇಳಿದು ಸೋರುವುದು ಆಗಲೇ. ಕೋಟ್‌ಗಳ ನಡುವೆ ಎಷ್ಟು ಹೊತ್ತು ಅಂತ ಡಬ್ಬಿಯ ಮೇಲೆ ಬರೆದಿರುತ್ತದೆ, ಅದನ್ನು ಸುಮ್ನೆ ಪಾಲಿಸಿ. ಕೆಲವು ಎನಾಮಲ್‌ಗಳಲ್ಲಿ ಒಂದು ಗಂಟೆಯೊಳಗೆ ಮುಂದಿನ ಕೋಟ್ ಹೊಡೆಯಬೇಕು, ಇಲ್ಲವೇ ಒಂದೆರಡು ದಿನ ಬಿಡಬೇಕು. ನಡುವಿನ ಹೊತ್ತಿನಲ್ಲಿ ಹೊಡೆದರೆ ಸುಕ್ಕು ಏಳುತ್ತದೆ. ಪ್ಯಾನಲ್ ಮಲಗಿಸಿ ಹೊಡೆದರೆ ಸೋರುವುದು ಕಡಿಮೆ, ಧೂಳು ಕೂರುವುದು ಜಾಸ್ತಿ. ನನಗಂತೂ ಮಲಗಿಸುವುದೇ ವಾಸಿ. ಧೂಳಿನ ಕಣವನ್ನು ಆಮೇಲೆ ಉಜ್ಜಿ ತೆಗೆಯುವುದು ಸೋರಿದ ಬಣ್ಣ ತೆಗೆಯುವುದಕ್ಕಿಂತ ಸುಲಭ.

ಕೊನೆಯ ಕೋಟ್ ಇನ್ನೂ ಮೆತ್ತಗಿರುವಾಗಲೇ ಟೇಪನ್ನು ಹಿಂದಕ್ಕೆ ಮಡಿಸಿ ನಿಧಾನವಾಗಿ ಎಳೆಯಿರಿ. ಕ್ಲಿಯರ್ ಹೊಡೆಯುವುದಿದ್ದರೆ ಅದಾದ ಮೇಲೆ.

ಕೆಟ್ಟರೆ ಏನು ಮಾಡುವುದು

ಬಣ್ಣ ಸೋರಿದರೆ ಒದ್ದೆ ಇರುವಾಗ ಮುಟ್ಟಬೇಡಿ. ಒಂದೆರಡು ದಿನ ಗಟ್ಟಿಯಾಗಲು ಬಿಟ್ಟು, ಗಟ್ಟಿ ತುಂಡಿಗೆ 600ರ ಪೇಪರ್ ಸುತ್ತಿ ಚಪ್ಪಟೆ ಮಾಡಿ, ಮತ್ತೆ ಒಂದು ಕೋಟ್ ಹೊಡೆಯಿರಿ. ಕಿತ್ತಳೆ ಸಿಪ್ಪೆಯ ಹಾಗೆ ಉಬ್ಬುತಗ್ಗಾದರೆ ಡಬ್ಬಿ ದೂರವಿತ್ತು, ಇಲ್ಲವೇ ಕೋಟ್ ಒಣಕಲಾಗಿತ್ತು ಅಂತ. ಹೊಳಪಿನ ಬಣ್ಣವಾದರೆ ಕೊನೆಯಲ್ಲಿ ಉಜ್ಜಿ ಸರಿ ಮಾಡಬಹುದು. ಬಣ್ಣ ಗುಂಡು ಗುಂಡಾಗಿ ಹಿಂದೆ ಸರಿದು ನಡುವೆ ಸಣ್ಣ ಕುಳಿ ಬಿದ್ದರೆ ಅಡಿಯಲ್ಲಿ ಸಿಲಿಕೋನ್ ಅಥವಾ ಎಣ್ಣೆ ಇದೆ. ಮೇಲಿಂದ ಮೇಲೆ ಹೊಡೆದರೆ ಅದು ಹೋಗುವುದಿಲ್ಲ. ಒಣಗಿಸಿ, ಉಜ್ಜಿ, ಒರೆಸಿ, ಮತ್ತೆ ಶುರು ಮಾಡಬೇಕು. ಲ್ಯಾಕರ್ ಬೆಳ್ಳಗಾಗಿದ್ದರೆ ಗಾಬರಿ ಬೇಡ, ಒಣ ಹವೆಯ ದಿನ ಅದೇ ಲ್ಯಾಕರಿನ ತೆಳು ಕೋಟ್ ಕೊಟ್ಟರೆ ಎಷ್ಟೋ ಸಲ ತೇವ ಹೊರಹೋಗಿ ತಿಳಿಯಾಗುತ್ತದೆ.

ಕ್ಲಿಯರ್ ಕೋಟ್ ಮತ್ತು ಪಾಲಿಶ್

ಮೆಟಾಲಿಕ್‌ಗೆ ಕ್ಲಿಯರ್ ಕಡ್ಡಾಯ. ಉಳಿದವಕ್ಕೆ ಬಾಳಿಕೆಗಾಗಿ ಹಾಕಬಹುದು. ಸ್ಯಾಟಿನ್ ಬೇಕಿದ್ದವರು ಸ್ಯಾಟಿನ್ ಕ್ಲಿಯರ್ ಹೊಡೆದು ಅಲ್ಲಿಗೇ ನಿಲ್ಲಿಸಿ, ಮುಂದಿನ ಕೆಲಸ ನಿಮಗಲ್ಲ.

ಹೊಳಪು ಬೇಕಾದವರು ನಾಲ್ಕೈದು ಕೋಟ್ ಕ್ಲಿಯರ್ ಕೊಡಿ, ಉಜ್ಜಲು ದಪ್ಪ ಬೇಕಲ್ಲ. ಆಮೇಲೆ ಒಂದು ವಾರ ಬಿಟ್ಟುಬಿಡಿ. ಮುಟ್ಟಿದರೆ ಅಂಟುವುದಿಲ್ಲ ಅಂದ ಮಾತ್ರಕ್ಕೆ ಗಟ್ಟಿಯಾಗಿದೆ ಅಂತಲ್ಲ. ಮೂಗು ಹತ್ತಿರ ತಂದಾಗ ಥಿನ್ನರ್ ವಾಸನೆ ಬರುತ್ತಿದ್ದರೆ ಒಳಗಿನದ್ದು ಇನ್ನೂ ಹೊರಹೋಗುತ್ತಿದೆ. ವಾಸನೆ ಪೂರ್ತಿ ನಿಂತ ಮೇಲೆ 1500, ನಂತರ 2000 ವಾಟರ್ ಪೇಪರಿನಲ್ಲಿ, ನೀರು ಧಾರಾಳವಾಗಿ ಹಾಕಿ, ಹಗುರ ಕೈಯಿಂದ ಉಜ್ಜಿ. ಮೇಲ್ಮೈ ಪೂರ್ತಿ ಮಂಕಾಗುತ್ತದೆ, ಎದೆ ಧಸಕ್ಕೆನ್ನುತ್ತದೆ. ಹೆದರಬೇಡಿ. ರಬ್ಬಿಂಗ್ ಕಾಂಪೌಂಡ್, ಆಮೇಲೆ ನುಣ್ಣನೆಯ ಪಾಲಿಶ್ ಹಾಕಿ ಮೆತ್ತನೆ ಬಟ್ಟೆಯಿಂದ ತಿಕ್ಕಿದರೆ ಹೊಳಪು ವಾಪಸ್ ಬರುತ್ತದೆ. ಅಂಚುಗಳಿಂದ ಒಂದು ಬೆರಳಿನಷ್ಟು ದೂರವೇ ಇರಿ, ಅಲ್ಲಿ ಕ್ಲಿಯರ್ ಹರಿದು ಬಣ್ಣ ಬರುವುದು ಕ್ಷಣದ ಕೆಲಸ. ಉಜ್ಜಿದ ನೀರಿನಲ್ಲಿ ಬಣ್ಣ ಕಂಡಿತೆಂದರೆ ತಕ್ಷಣ ನಿಲ್ಲಿಸಿ.

ಮತ್ತೆ ಜೋಡಿಸುವುದು

ಪೂರ್ತಿ ಗಟ್ಟಿಯಾಗದ ಪ್ಯಾನಲ್ ಮೇಲೆ ರಬ್ಬರ್ ಪಾದ ಒತ್ತಿದರೆ ಅಂಟಿಕೊಳ್ಳುತ್ತದೆ, ಸ್ಕ್ರೂ ಬಿಗಿದರೆ ಅದರ ಸುತ್ತ ಬಣ್ಣ ಸುಕ್ಕಾಗುತ್ತದೆ. ಎನಾಮಲ್ ಬಣ್ಣವಾದರೆ ಎರಡು ಮೂರು ವಾರ ಕಾದರೂ ಜಾಸ್ತಿಯೇನಲ್ಲ. ಸ್ಕ್ರೂ ತಲೆಗಳ ಕೆಳಗೆ ತೆಳುವಾದ ನೈಲಾನ್ ವಾಷರ್ ಹಾಕಿ, ಆದರೆ ಮದರ್‌ಬೋರ್ಡ್ ಮತ್ತು ಪವರ್ ಸಪ್ಲೈ ಸ್ಕ್ರೂಗಳಿಗೆ ಬೇಡ, ಅಲ್ಲಿ ಲೋಹಕ್ಕೆ ಲೋಹ ತಾಗಬೇಕು. ಫ್ಯಾನಿನ ರೆಕ್ಕೆಗಳಿಗೂ ಬಣ್ಣ ಹೊಡೆಯುವ ಆಸೆ ಇದ್ದರೆ ಬಿಟ್ಟುಬಿಡಿ. ತೂಕ ಒಂಚೂರು ಹೆಚ್ಚುಕಡಿಮೆಯಾದರೂ ಫ್ಯಾನ್ ನಡುಗಿ ಸದ್ದು ಮಾಡುತ್ತದೆ. ಧೂಳಿನ ಜಾಲರಿಗೂ ಹೊಡೆಯಬೇಡಿ, ತೂತು ಮುಚ್ಚಿಹೋಗುತ್ತದೆ.

ಮದರ್‌ಬೋರ್ಡ್ ಹಾಕುವ ಮೊದಲು ಕ್ಯಾಬಿನೆಟ್ ಒಳಗನ್ನು ವ್ಯಾಕ್ಯೂಮ್ ಮಾಡಿ, ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ. ಮಡಿಕೆಗಳ ಸಂದಿನಲ್ಲಿ ಉಜ್ಜಿದ ಪುಡಿ ಕೂತಿರುತ್ತದೆ. ಮಲ್ಟಿಮೀಟರ್ ಇದ್ದರೆ ಪವರ್ ಸಪ್ಲೈ ಕೂರಿಸಿದ ಮೇಲೆ, ಪ್ಲಗ್ ಹಾಕುವ ಮುಂಚೆ, ಅದರ ಕೇಬಲ್ ಕೂರುವ ಸಾಕೆಟ್ಟಿನ ಅರ್ತ್ ಪಿನ್‌ನಿಂದ ಮದರ್‌ಬೋರ್ಡಿನ ಸ್ಟ್ಯಾಂಡ್‌ಆಫ್‌ಗೆ ಸಂಪರ್ಕ ಇದೆಯೇ ಅಂತ ನೋಡಿ. ಬೀಪ್ ಬರದಿದ್ದರೆ ತಾಗುವ ಜಾಗದಲ್ಲಿ ಎಲ್ಲೋ ಬಣ್ಣ ನುಸುಳಿದೆ, ಕೆರೆದು ತೆಗೆಯಿರಿ.

ಮಿಕ್ಕ ಡಬ್ಬಿಯನ್ನು ತಲೆಕೆಳಗು ಹಿಡಿದು, ಬರೀ ಅನಿಲ ಬರುವ ತನಕ ಒತ್ತಿ ನಳಿಕೆ ಖಾಲಿ ಮಾಡಿ ಎತ್ತಿಡಿ. ಮುಂದೆ ಎಲ್ಲಾದರೂ ಬಣ್ಣ ಕಿತ್ತರೆ ಅದರ ಮುಚ್ಚಳದೊಳಗೆ ಸ್ವಲ್ಪ ಸಿಂಪಡಿಸಿ, ಕಡ್ಡಿಯ ತುದಿಯಲ್ಲಿ ಅದ್ದಿ ಚುಕ್ಕೆಯಿಟ್ಟರೆ ಸಾಕು.